ಮಕ್ಕಳ ಪ್ರಶ್ನೆಗಳಿಗೆ ಕಿವಿಗೊಟ್ಟ ಕಾರಂತರು



ನಿಮ್ಮ ಮಗು ನಿಮ್ಮನ್ನು ಹೀಗೆ ಕೇಳಿರಬಹುದು: ಮಿಂಚಿದ ಮೇಲೆ ಗುಡುಗು ತಡವಾಗಿ ಕೇಳಿಸುವುದೇಕೆ? ಬಸ್ಸು ಗಕ್ಕನೆ ನಿಂತರೆ ನಾವು ಮುಂದಕ್ಕೆ ಮುಗ್ಗರಿಸುವುದೇಕೆ? ಸೂರ್ಯ ಆರಿಹೋಗುವುದಿಲ್ಲವೇಕೆ? ಇಂಥ ಕುತೂಹಲಕ್ಕೆ ಕನ್ನಡದಲ್ಲೇ ಉತ್ತರಿಸಲು ವರ್ಷಗಟ್ಟಲೆ ದುಡಿದವರೊಬ್ಬರು ಬ್ರಹ್ಮಾವರ ಮತ್ತು ಕುಂದಾಪುರಗಳ ನಡುವಿನ ಕೋಟದಲ್ಲಿ ಹುಟ್ಟಿದ್ದರು. ಅವರೇ ಡಾ. ಶಿವರಾಮ ಕಾರಂತರು.

ಅವರು ಜನಿಸಿದ್ದು 1902ರ ಅಕ್ಟೋಬರ್ 10ರಂದು. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದವರು, ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ಅರ್ಧಕ್ಕೇ ಬಿಟ್ಟರು. ಮುಂದೆ ವಿಜ್ಞಾನವನ್ನು ತಾವಾಗಿಯೇ ಓದಿ, ನೋಡಿ ಕಲಿತರು. ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳ ಜೊತೆ ಬೆರೆತರು. 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. 1959ರಿಂದ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಬಂದವು. ಕಾದಂಬರಿಗಾಗಿ 1977ರ ಜ್ಞಾನಪೀಠ ಪಡೆದವರು ಮಕ್ಕಳ ಪುಸ್ತಕವನ್ನು ಕೀಳೆಂದು ಎಣಿಸಲಿಲ್ಲ.

ಮೇಲಿನ ಪ್ರಶ್ನೆಗಳನ್ನೇ ನೋಡಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗಿದರೆ, ಶಬ್ದ ಸಾಗುವುದು ಸುಮಾರು 340 ಮೀಟರ್ ಮಾತ್ರ. ಆದ್ದರಿಂದ ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡು ಕಳೆದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಬ್ರೇಕು ಬಸ್ಸನ್ನು ತಡೆಯುತ್ತದೆ. ಚಲಿಸುತ್ತಿದ್ದ ನಮ್ಮ ದೇಹ ಚಲಿಸುತ್ತಲೇ ಇರಲು ನೋಡುತ್ತದೆ. ಸೂರ್ಯನಾದರೋ ಸೌದೆಯಂತೆ ಉರಿಯುವುದಿಲ್ಲ. ಅದರ ಗರ್ಭದಲ್ಲಿ ಜಲಜನಕದ ಬೀಜಗಳು ಕೂಡಿ ಹೀಲಿಯಂ ಆಗುವಾಗ ಶಕ್ತಿ ಹೊಮ್ಮುತ್ತದೆ. ವಿಜ್ಞಾನಿಗಳಿಗೇ ಇದರ ವಿವರ ಸ್ಪಷ್ಟವಾದದ್ದು 1930ರ ದಶಕದ ಕೊನೆಗೆ, 'ಬಾಲಪ್ರಪಂಚ' ಬಂದ ಮೇಲೆ!

ಕಾರಂತರು ವಿಜ್ಞಾನವನ್ನು ಪ್ರೀತಿಸಿದರೂ ಅದಕ್ಕೆ ಕುರುಡಾಗಿ ಕೈಮುಗಿಯಲಿಲ್ಲ. ಕೈಗಾದ ಅಣುವಿದ್ಯುತ್ ಸ್ಥಾವರದಿಂದ ಕಾಡಿಗೂ ಜನರಿಗೂ ಅಪಾಯವೆಂದು ಹೋರಾಡಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. 2000ದಲ್ಲಿ ಆ ಸ್ಥಾವರದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇಂದು ಸ್ವಿಚ್ಚು ಒತ್ತುವ ನಾವು, ಈ ಬೆಳಕಿನ ಬೆಲೆಯನ್ನು ತೆರುವವರು ಯಾರು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕಾರಂತರು ದೇವರನ್ನು ನಂಬಿದವರಲ್ಲ. ವಿಶ್ವಾಸಿಗಳಾದ ನಾವು ಈ ವಿಷಯದಲ್ಲಿ ಅವರ ಜೊತೆ ಹೋಗಲಾರೆವು. ಆದರೆ ಅರಿಯದ್ದನ್ನು ಅರಿತೆನೆಂದು ಹೇಳದ ಅವರ ಪ್ರಾಮಾಣಿಕತೆಯಿಂದ ನಾವು ಕಲಿಯಬಹುದು. ಸತ್ಯ ದೇವರದೇ ಆಗಿರುವಾಗ ಪ್ರಶ್ನೆಗೆ ನಾವೇಕೆ ಅಂಜಬೇಕು? ಪ್ರಶ್ನೆ ಕೇಳಿದ್ದಕ್ಕೆ ಗದರಿಸಿಕೊಂಡ ಮಗು ನಾಳೆ ವಿಜ್ಞಾನವನ್ನೂ ಕೇಳದು, ವಿಶ್ವಾಸದ ಬಗೆಗೂ ಕೇಳದು; ಎರಡರಿಂದಲೂ ಮೌನವಾಗಿ ದೂರ ಸರಿದೀತು.

ತಂದೆತಾಯಂದಿರೇ, ಈ ಸಂಜೆ ಮಗು ಏನಾದರೂ ಕೇಳಿದರೆ ಕೈಯ ಕೆಲಸ ಬದಿಗಿಟ್ಟು ಆಲಿಸಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆಮೇಲೆ ಇಬ್ಬರೂ ಕೂಡಿ ಹುಡುಕಿ.