ಬಿದಿರು, ನವಿಲು, ತಾವರೆ: ಭಾಸ್ಕರಾಚಾರ್ಯರ ಲೆಕ್ಕಗಳು

ಮಕ್ಕಳೇ, ಲಂಬಕೋನ ತ್ರಿಭುಜದ ಎರಡು ಬಾಹುಗಳ ಅಳತೆ ಕೊಟ್ಟು ಮೂರನೆಯದನ್ನು ಕಂಡುಹಿಡಿಯಿರಿ ಎಂದು ಶಾಲೆಯಲ್ಲಿ ಕೇಳುತ್ತಾರಲ್ಲವೇ? ಭಾಸ್ಕರಾಚಾರ್ಯರು ಅಷ್ಟು ಧಾರಾಳಿಯಲ್ಲ. ಒಂದು ಬಾಹುವನ್ನು ಕೊಟ್ಟು, ಉಳಿದೆರಡರ ಮೊತ್ತವನ್ನಷ್ಟೇ ಹೇಳಿ ಸುಮ್ಮನಾಗುತ್ತಾರೆ!

ಅವರು ಹುಟ್ಟಿದ್ದು 1114ರಲ್ಲಿ. ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಊರು ಎನ್ನುವವರೂ ಇದ್ದಾರೆ. 1150ರಲ್ಲಿ ಅವರು ಬರೆದ ‘ಲೀಲಾವತಿ’ಯಲ್ಲಿ ಲೆಕ್ಕಗಳೆಲ್ಲ ಸಂಸ್ಕೃತ ಪದ್ಯಗಳಾಗಿವೆ. 1587ರಲ್ಲಿ ಅಕ್ಬರನ ಆಸ್ಥಾನದ ಫೈಝಿ ಅದನ್ನು ಪರ್ಷಿಯನ್ ಭಾಷೆಗೆ ತಂದ.

ಅದರಲ್ಲೊಂದು ಬಿದಿರಿದೆ. ಎತ್ತರ 32 ಮೊಳ. ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿತು. ಮುರಿದದ್ದು ಎಷ್ಟು ಎತ್ತರದಲ್ಲಿ?

ನೆಲದ ಮೇಲಿನ 16 ಮೊಳ ಭುಜ. ನಿಂತ ತುಂಡು ಕೋಟಿ, ಓರೆಯಾಗಿ ಬಾಗಿದ ತುಂಡು ಕರ್ಣ. ಎರಡೂ ಸೇರಿ 32. ಕರ್ಣದ ವರ್ಗದಲ್ಲಿ ಕೋಟಿಯ ವರ್ಗ ಕಳೆದರೆ ಉಳಿಯುವುದು ಭುಜದ ವರ್ಗ, ಅಂದರೆ 256. ಎರಡು ವರ್ಗಗಳ ವ್ಯತ್ಯಾಸವೆಂದರೆ ಆ ಎರಡು ಸಂಖ್ಯೆಗಳ ಮೊತ್ತವನ್ನು ಅವುಗಳ ವ್ಯತ್ಯಾಸದಿಂದ ಗುಣಿಸಿದಷ್ಟು. ಹಾಗಾಗಿ 256ನ್ನು 32ರಿಂದ ಭಾಗಿಸಿ: 8. ಕರ್ಣ ಕೋಟಿಗಿಂತ 8 ಮೊಳ ಉದ್ದ ಎಂದಾಯಿತು. ಮೊತ್ತ 32, ವ್ಯತ್ಯಾಸ 8 ಆದರೆ ತುಂಡುಗಳು 20 ಮತ್ತು 12. ಬಿದಿರು ಮುರಿದದ್ದು 12 ಮೊಳದಲ್ಲಿ. ವರ್ಗಮೂಲದ ಗೋಜೇ ಇಲ್ಲ!

ಇನ್ನೊಂದರಲ್ಲಿ 9 ಮೊಳದ ಕಂಬದ ಮೇಲೆ ನವಿಲು, ಕಂಬದ ಬುಡದಲ್ಲಿ ಹಾವಿನ ಹುತ್ತ. 27 ಮೊಳ ದೂರದಿಂದ ಹಾವು ಹುತ್ತದತ್ತ ಹರಿದು ಬರುತ್ತಿದೆ. ನವಿಲು ಓರೆಯಾಗಿ ಎರಗುತ್ತದೆ. ಇಬ್ಬರ ವೇಗವೂ ಒಂದೇ. ಹುತ್ತದಿಂದ ಎಷ್ಟು ದೂರದಲ್ಲಿ ಹಾವು ಸಿಕ್ಕಿಬೀಳುತ್ತದೆ? ನವಿಲು ಹಾರಿದಷ್ಟೇ ದೂರ ಹಾವೂ ಹರಿದಿರುತ್ತದೆ. ಆದ್ದರಿಂದ ನವಿಲಿನ ಹಾದಿ ಮತ್ತು ಉಳಿದ ದೂರ ಸೇರಿ 27. ಇದೂ ಬಿದಿರಿನ ಲೆಕ್ಕವೇ! 81ನ್ನು 27ರಿಂದ ಭಾಗಿಸಿದರೆ 3. ನವಿಲು ಹಾರಿದ್ದು 15 ಮೊಳ, ಹುತ್ತ ಇನ್ನೂ 12 ಮೊಳ ದೂರ.

ಈಗ ನಿಮ್ಮ ಸರದಿ. ಕೊಳದಲ್ಲಿ ತಾವರೆ ಮೊಗ್ಗು ನೀರಿನಿಂದ ಅರ್ಧ ಮೊಳ ಮೇಲಿದೆ. ಗಾಳಿಗೆ ಬಾಗಿ 2 ಮೊಳ ಆಚೆ ನೀರಲ್ಲಿ ಮುಳುಗಿತು. ಕೊಳದ ಆಳವೆಷ್ಟು? ಇಲ್ಲಿ ಸಿಕ್ಕಿರುವುದು ಮೊತ್ತವಲ್ಲ, ವ್ಯತ್ಯಾಸ. ಮೂರೂ ಮುಕ್ಕಾಲು ಮೊಳ ಬಂದರೆ ಲೆಕ್ಕ ಸರಿ.