ಹಮ್ಮಿಗಿಯ ಬೀಗಮುದ್ರೆ ಒಡೆದ ಮುಂಡರಗಿ ಭೀಮರಾಯ

ಹರಿಹರದ ಸೇತುವೆ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಕಾಣುವ ತುಂಗಭದ್ರೆ, ಅಲ್ಲಿಂದ ಮುಂದೆ ಹೂವಿನಹಡಗಲಿ, ಮುಂಡರಗಿ ಸೀಮೆಗೆ ಹರಿದು ಹೋಗುತ್ತಾಳೆ. ಅಲ್ಲಿ ದಂಡೆಯ ಮೇಲೆ ಹಮ್ಮಿಗಿ ಅಂತ ಒಂದು ಊರು. ಈಗ ಹೊಳೆಗೆ ಬ್ಯಾರೇಜು ಕಟ್ಟಿದ ಮೇಲೆ ಆ ಹೆಸರು ನೀರಾವರಿ ಸುದ್ದಿಯಲ್ಲಿ ಬರುತ್ತೆ. 1858ರಲ್ಲಿ ಅದೇ ಊರಿನ ಹೆಸರು ಬೇರೊಂದು ಕಾರಣಕ್ಕೆ ಕಂಪನಿ ಸರ್ಕಾರದ ಕಾಗದಪತ್ರದಲ್ಲಿ ಸೇರಿತು.

ಆ ವರ್ಷ ಮೇ ತಿಂಗಳಲ್ಲಿ ಹಮ್ಮಿಗಿಯ ಕೆಂಚನಗೌಡನ ಮನೆಯಲ್ಲಿ ಆಯುಧ ಮತ್ತು ಮದ್ದುಗುಂಡು ಕೂಡಿಟ್ಟಿದ್ದು ಸರ್ಕಾರಿ ನೌಕರರ ಕಣ್ಣಿಗೆ ಬಿತ್ತು. ಬೀಗ ಹಾಕಿ, ಮುದ್ರೆ ಒತ್ತಿ, ಕಾವಲು ಕೂರಿಸಿದರು. ಆ ಮುದ್ರೆ ಒಡೆದವನು ಮುಂಡರಗಿ ಭೀಮರಾಯ. ಒಡೆದ ಮೇಲೆ ಅವನು ಬದುಕಿದ್ದು ಒಂದೆರಡು ವಾರವೂ ಅಲ್ಲ. ಆದರೆ ಆ ಕೆಲವೇ ದಿನಗಳಿಂದ ಅವನ ಹೆಸರು ಇವತ್ತಿಗೂ ಉಳಿದಿದೆ.

ಸರ್ಕಾರಿ ಕುರ್ಚಿಯಿಂದ ಬಂದವನು

ಭೀಮರಾಯ ಕಾಡಿನಲ್ಲಿ ಅಡಗಿ ದಾರಿ ಕಾಯುವ ದರೋಡೆಕೋರ ಅಲ್ಲ. ಮುಂಡರಗಿಯ ನಾಡಗೀರ ಮನೆತನದವನು. ತಂದೆ ರಂಗರಾಯರು. ನಾಡಗೀರಿಕೆ ಅಂದರೆ ಸೀಮೆಯ ಲೆಕ್ಕಪತ್ರ, ಕಂದಾಯದ ಮೇಲ್ವಿಚಾರಣೆ ನೋಡುವ ವಂಶಪಾರಂಪರ್ಯದ ಅಧಿಕಾರ. ಊರಲ್ಲಿ ಮಾನ, ಮನೆಯಲ್ಲಿ ಜಮೀನು, ತಲೆಯಲ್ಲಿ ಓದು, ಮೂರೂ ಇದ್ದ ಮನುಷ್ಯ.

ಓದಿದವನಾದ್ದರಿಂದ ಕಂಪನಿ ಸರ್ಕಾರವೇ ಅವನನ್ನು ಕರೆದು ಬಳ್ಳಾರಿ ಕಡೆಯ ಕಂದಾಯ ಇಲಾಖೆಯಲ್ಲಿ ಜವಾಬ್ದಾರಿ ಕೆಲಸಕ್ಕೆ ಇಟ್ಟುಕೊಂಡಿತ್ತು. ಮೇಲಿನವರ ಜೊತೆ ಹೊಂದಿಕೆ ಆಗಲಿಲ್ಲ, ಕೆಲಸ ಹೋಯಿತು. ಊರಿಗೆ ವಾಪಸು ಬಂದ. ಕಂಪನಿಯ ಕಚೇರಿ ಒಳಗೆ ಹೇಗೆ ನಡೆಯುತ್ತೆ, ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಖಜಾನೆಗೆ ಕಾವಲು ಎಷ್ಟು, ಇದೆಲ್ಲ ಬಲ್ಲ ಮನುಷ್ಯ ಸಿಟ್ಟು ಹೊತ್ತು ಮನೆಗೆ ಬಂದು ಕೂತರೆ ಏನಾಗುತ್ತೋ ಅದೇ ಮುಂದೆ ಆಯಿತು.

ಆಗಿನ ಸೀಮೆಯ ಚಿತ್ರವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಬೇಕು. ದಾವಣಗೆರೆ, ಹರಿಹರ ಮೈಸೂರು ಸೀಮೆ. ಹೆಸರಿಗೆ ಅರಸರು, ಆಡಳಿತ ಮಾತ್ರ ಇಂಗ್ಲಿಷ್ ಕಮಿಷನರದು. ಹರಿಹರದ ಹತ್ತಿರ ಕಂಪನಿಯ ದಂಡು ಠಿಕಾಣಿ ಹೂಡಿತ್ತು. 1865ರವರೆಗೂ ಅಲ್ಲಿ ಸಿಪಾಯಿಗಳ ಪಡೆ ಇತ್ತು. ಹೊಳೆಗೆ ಸೇತುವೆ ಇನ್ನೂ ಬಂದಿರಲಿಲ್ಲ, ಅದು ಮುಗಿದದ್ದು 1868ರಲ್ಲಿ. ದಾಟಬೇಕಾದವರು ಹರಿಗೋಲನ್ನೇ ನಂಬಬೇಕು. ಹರಪನಹಳ್ಳಿ, ಬಳ್ಳಾರಿ ಮದರಾಸಿಗೆ ಸೇರಿದ್ದವು. ಹೊಳೆ ಆಚೆ ಮುಂಡರಗಿ, ಡಂಬಳ ಮುಂಬಯಿಗೆ. ಕೊಪ್ಪಳ ನಿಜಾಮನಿಗೆ. ಒಂದೇ ಭಾಷೆ ಆಡುವ ಜನ ನಾಲ್ಕು ಸರ್ಕಾರಕ್ಕೆ ಹಂಚಿಹೋಗಿದ್ದರು.

ಮುಂಬಯಿ ಭಾಗದಲ್ಲಿ ಇನಾಮು ಕಮಿಷನ್ ಅಂತ ಒಂದು ಬಂದಿತ್ತು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಉಂಡುಕೊಂಡು ಬಂದ ಇನಾಮು ಜಮೀನಿಗೆ ಸನದು ತೋರಿಸಿ ಅಂದರು. ತೋರಿಸಲಾಗದವರ ಜಮೀನು ಸರ್ಕಾರಕ್ಕೆ ಹೋಯಿತು. ಸಾವಿರಾರು ಇನಾಮುಗಳು ಹೀಗೆ ಮುಟ್ಟುಗೋಲಾದವು. ದೇಸಾಯರು, ಗೌಡರು, ನಾಡಗೀರರು ಒಳಗೊಳಗೇ ಕುದಿಯುತ್ತಿದ್ದರು.

ಕೈಯಲ್ಲಿದ್ದ ಕತ್ತಿಗೂ ಪರವಾನಗಿ

ಈ ಬೆಂಕಿಗೆ ತುಪ್ಪ ಸುರಿದದ್ದು ಆಯುಧ ಕಾಯಿದೆ. ಉತ್ತರದಲ್ಲಿ ಸಿಪಾಯಿ ದಂಗೆ ಎದ್ದ 1857ರ ಸೆಪ್ಟೆಂಬರಿನಲ್ಲೇ ಕಂಪನಿ ಸರ್ಕಾರ ಆ ವರ್ಷದ 28ನೇ ಕಾಯಿದೆ ತಂದಿತು. ಆಯುಧ ತಯಾರಿಸುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲಕ್ಕೂ ಸರ್ಕಾರದ ಅಪ್ಪಣೆ. ಇಲ್ಲದವರು ತಂದು ಒಪ್ಪಿಸಬೇಕು.

ಇವತ್ತಿನ ಪೇಟೆಯವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಆದರೆ ಆಗಿನ ಹಳ್ಳಿಯಲ್ಲಿ ಪೊಲೀಸ್ ಠಾಣೆ ಎಷ್ಟು ಹರದಾರಿ ದೂರ? ರಾತ್ರಿ ಹೊಲಕ್ಕೆ ಹಂದಿ ಬಿದ್ದರೆ, ದಾರಿಯಲ್ಲಿ ಪಿಂಡಾರಿಗಳಂಥವರು ಅಡ್ಡಗಟ್ಟಿದರೆ ಯಾರನ್ನು ಕರೆಯಬೇಕು? ಕೋವಿ, ಕತ್ತಿ, ಭರ್ಚಿ ಮನೆಯ ಒನಕೆ, ನೇಗಿಲ ಹಾಗೆ ಒಂದು ಸಾಮಾನು. ಆಯುಧಪೂಜೆ ದಿನ ಕುಂಕುಮ ಹಚ್ಚಿ ಕೈ ಮುಗಿಯುವ ವಸ್ತು. ಅದನ್ನು ತಂದು ಕಚೇರಿ ಮುಂದೆ ಇಡು ಅಂದರೆ, ನಿನ್ನನ್ನು ನಂಬೋದಿಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ.

ಮೊದಲು ಇಲ್ಲ ಅಂದವರು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು. ಇವತ್ತು ಹರಿಹರ ತಾಲ್ಲೂಕಿನ ರಾಜನಹಳ್ಳಿ ಗುರುಪೀಠಕ್ಕೆ ನಡೆದುಕೊಳ್ಳುವ ಜನಾಂಗ ಅದೇ. ಬೇಟೆಯೇ ಬದುಕಾದವರಿಂದ ಕೋವಿ ಕಸಿದರೆ ಉಳಿಯೋದೇನು? ಜಡಗ, ಬಾಲ, ಹನುಮ, ರಾಮ ಅನ್ನುವವರ ಹಿಂದೆ ಊರಿಗೆ ಊರೇ ನಿಂತಿತು. 1857ರ ನವೆಂಬರ್ ಕೊನೆಗೆ ಕಂಪನಿ ಪಡೆ ರಾತ್ರೋರಾತ್ರಿ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದ ಸಂತೆಯ ಊರಲ್ಲೂ ಹಲಗಲಿಯಲ್ಲೂ 19 ಜನರನ್ನು ಗಲ್ಲಿಗೇರಿಸಿದರು. ಲಾವಣಿ ಹಾಡುವವರ ಬಾಯಲ್ಲಿ ಈ ಕಥೆ ಉಳಿದುಕೊಂಡಿತು.

ಹಲಗಲಿ ಸುಟ್ಟ ಸುದ್ದಿ ಮುಂಡರಗಿಗೆ ಬರದೇ ಇರುತ್ತದೆಯೇ? ಬೇಡರು ಒಬ್ಬರೇ ಎದ್ದರು, ಒಬ್ಬರೇ ಸತ್ತರು. ಒಂಟಿಯಾಗಿ ಎದ್ದರೆ ಗತಿ ಇದೇ ಅನ್ನೋದು ಕಚೇರಿ ಕಂಡ ಭೀಮರಾಯನಿಗೆ ಗೊತ್ತಿತ್ತು. ಅದಕ್ಕೇ ಅವನು ಹಮ್ಮಿಗಿಯ ಕೆಂಚನಗೌಡ, ಡಂಬಳ, ಸೊರಟೂರಿನ ದೇಸಾಯರು, ನರಗುಂದದ ಬಾಬಾಸಾಹೇಬರು, ಹೀಗೆ ಒಬ್ಬೊಬ್ಬರ ಜೊತೆಗೂ ಗುಟ್ಟಾಗಿ ಮಾತುಕತೆ ನಡೆಸಿದ. ಎಲ್ಲರೂ ಒಟ್ಟಿಗೆ ಏಳಬೇಕು ಅನ್ನೋದು ಲೆಕ್ಕ. ಅದಕ್ಕೆ ಬೇಕಾದ ಆಯುಧ ಕೂಡಿಟ್ಟ ಜಾಗಗಳಲ್ಲಿ ಕೆಂಚನಗೌಡನ ಮನೆಯೂ ಒಂದು.

ಎಂಟು ಹತ್ತು ದಿನದ ಸಮರ

ಆ ಮನೆಗೇ ಮುದ್ರೆ ಬಿತ್ತು. ಈಗ ಎರಡೇ ದಾರಿ. ಸುಮ್ಮನಿದ್ದರೆ ಆಯುಧವೂ ಹೋಯಿತು, ಹಿಂದೆಯೇ ಬೇಡಿ ಬರುತ್ತೆ. ಎದ್ದರೆ ಮಿಕ್ಕವರು ಇನ್ನೂ ಸಿದ್ಧವಾಗಿಲ್ಲ. ಭೀಮರಾಯ ಎರಡನೆಯದನ್ನು ಹಿಡಿದ. ಜನ ಕಟ್ಟಿಕೊಂಡು ಹಮ್ಮಿಗಿಗೆ ಹೋದ, ಕಾವಲಿನವನನ್ನು ಕೊಂದು ಮುದ್ರೆ ಒಡೆದು ಆಯುಧ ಹಂಚಿದ. ಸತ್ತ ಕಾವಲಿನವನೂ ಸಂಬಳಕ್ಕೆ ನಿಂತ ಈ ನಾಡಿನವನೇ. ಭೀಮರಾಯನನ್ನು ಹೊಗಳುವವರು ಇದನ್ನು ಮರೆಯಬಾರದು.

1858ರ ಮೇ 24ರಂದು ಡಂಬಳದ ಮೇಲೆ ಬಿದ್ದು ಖಜಾನೆ ಲೂಟಿ ಮಾಡಿದರು. ಅಲ್ಲಿಂದ ಕೊಪ್ಪಳದ ಕಡೆ. ನಿಜಾಮನ ಸೀಮೆಯ ಕೊಪ್ಪಳ ಕೋಟೆ ಬೆಟ್ಟದ ಮೇಲಿನ ಗಟ್ಟಿ ಕೋಟೆ. ಅದನ್ನು ಹಿಡಿದು ಒಳಗೆ ಕೂತರು.

ಭೀಮರಾಯ ಎದ್ದ ಸುದ್ದಿ ತಿಳಿದು ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸೀಮೆಯಲ್ಲಿ ಓಡಾಡತೊಡಗಿದ. ಇತ್ತ ನರಗುಂದದ ಬಾಬಾಸಾಹೇಬರಿಗೂ ಹೊಟ್ಟೆಯಲ್ಲಿ ಕಿಚ್ಚು. ಮಗ ಇಲ್ಲದ ಅವರಿಗೆ ದತ್ತು ತೆಗೆದುಕೊಳ್ಳಲು ಕಂಪನಿ ಒಪ್ಪಿರಲಿಲ್ಲ. ಮೇಲಿಂದ ಕೋಟೆಯ ದೊಡ್ಡ ತೋಪುಗಳನ್ನು ಧಾರವಾಡಕ್ಕೆ ಕಳಿಸಿ ಅಂತ ಬೇರೆ ಹೇಳಿದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಮ್ಯಾನ್ಸನ್ ನರಗುಂದದವರ ಕೈಯಲ್ಲಿ ಸತ್ತ.

ಆದರೆ ಹೊತ್ತು ಮೀರಿತ್ತು. ಬಳ್ಳಾರಿ ಕಡೆಯಿಂದ ಮೇಜರ್ ಹ್ಯೂಸನ ಪಡೆ ಕೊಪ್ಪಳಕ್ಕೆ ಬಂದು ಜೂನ್ 1ರಂದು ಕೋಟೆಗೆ ನುಗ್ಗಿತು. ಭೀಮರಾಯ ಶರಣಾಗಲಿಲ್ಲ. ಕಾದಾಡುತ್ತಲೇ ಬಿದ್ದ. ಕೆಂಚನಗೌಡನೂ ಅಲ್ಲೇ ಬಿದ್ದ. ಅವರ ಜೊತೆ ನೂರರಷ್ಟು ಜನ. ಸೆರೆ ಸಿಕ್ಕವರು ಸುಮಾರು ನೂರೈವತ್ತು, ಅವರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನಕ್ಕೆ ಮರಣದಂಡನೆ. ನರಗುಂದವೂ ಅದೇ ದಿನಗಳಲ್ಲಿ ಬಿತ್ತು. ತಪ್ಪಿಸಿಕೊಂಡ ಬಾಬಾಸಾಹೇಬರು ಸಿಕ್ಕಿಬಿದ್ದರು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ಬಿಟ್ಟರು.

ನಿಯತ್ತಿಗೆ ಬಹುಮಾನ

ಒಂದು ಮಾತು ಗಮನಿಸಬೇಕು. ಆಯುಧವೇ ಅಪಾಯ ಅಂತ ಕಂಪನಿಗೆ ನಿಜವಾಗಿ ಅನ್ನಿಸಿದ್ದರೆ ಎಲ್ಲರ ಕೈಯಿಂದಲೂ ಕಿತ್ತುಕೊಳ್ಳಬೇಕಿತ್ತು. ಹಾಗೆ ಮಾಡಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಈ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಕಾರಣ, 1857ರ ದಂಗೆಯಲ್ಲಿ ಅವರು ಸರ್ಕಾರಕ್ಕೆ ನಿಷ್ಠರಾಗಿದ್ದರು ಅನ್ನೋದು. 1878ರ ಆಯುಧ ಕಾಯಿದೆಯಲ್ಲಿ ಬಿಳಿಯರಿಗೆ ರಿಯಾಯಿತಿ, ಕರಿಯರಿಗೆ ಪರವಾನಗಿ. ಅಂದ ಮೇಲೆ ಅಳೆದು ನೋಡಿದ್ದು ಕೋವಿಯನ್ನಲ್ಲ, ಹಿಡಿದವನು ತಮ್ಮವನೋ ಅಲ್ಲವೋ ಅನ್ನೋದನ್ನ.

ಕೊಡಗಿನ ವಿನಾಯಿತಿ ಸ್ವಾತಂತ್ರ್ಯ ಬಂದ ಮೇಲೂ ಮುಂದುವರಿಯಿತು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಹುತ್ತರಿಯಲ್ಲಿ ಗುಂಡು ಹಾರಿಸುವ, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಆ ಜಿಲ್ಲೆ ಮನೆಮನೆಗೂ ಕೋವಿ ಇದೆ ಅಂತ ರಣರಂಗವೇನೂ ಆಗಿಲ್ಲ. ಜವಾಬ್ದಾರಿ ಕೊಟ್ಟರೆ ಜನ ಹೊರುತ್ತಾರೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಅಹಿಂಸೆಯ ಗಾಂಧೀಜಿಯವರೂ ಜನರನ್ನು ನಿರಾಯುಧ ಮಾಡಿದ್ದನ್ನು ಒಪ್ಪಿರಲಿಲ್ಲ. 1930ರಲ್ಲಿ ವೈಸರಾಯ್ ಇರ್ವಿನ್ ಮುಂದೆ ಇಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ತೆಗೆಯಿರಿ ಅನ್ನುವುದರ ಜೊತೆಗೇ, ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಿ ಅನ್ನೋದೂ ಒಂದು. 1931ರಲ್ಲಿ ಕಾಂಗ್ರೆಸ್ ತಯಾರಿಸಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲೂ ನಿಯಮಕ್ಕೆ ಒಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು.

1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್. ವಿ. ಕಾಮತ್ ಈ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿ ಅಂತ ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರಿಗೂ ಹಕ್ಕು ಅಂತ ಬರೆದರೆ ಕಳ್ಳಕಾಕರೂ ಅದೇ ಹಕ್ಕು ಕೇಳುತ್ತಾರೆ ಅನ್ನೋದು ಅವರ ಆತಂಕ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಆಮೇಲೆ 1959ರ ಆಯುಧ ಕಾಯಿದೆ ಬಂತು. 2019ರ ತಿದ್ದುಪಡಿಯಲ್ಲಿ ಒಬ್ಬನ ಹೆಸರಿಗೆ ಇರಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು.

ಮುದ್ರೆ ಇನ್ನೂ ಬೀಳುತ್ತಿದೆ

ಇದೆಲ್ಲ ಹಳೇ ಕಥೆ, ನಮಗ್ಯಾಕೆ ಅಂತ ಮಂಡಿಪೇಟೆಯ ಅಂಗಡಿಯವರು ಕೇಳಬಹುದು. ಜಿಲ್ಲೆಯ ಹಳ್ಳಿ ಕಡೆ ಬೆಳೆ ಕಾಯೋದಕ್ಕೆ ಪರವಾನಗಿ ಪಡೆದ ಬಂದೂಕು ಇಟ್ಟುಕೊಂಡ ರೈತರನ್ನು ಕೇಳಿ ನೋಡಲಿ. ಚುನಾವಣೆ ಬಂತು ಅಂದರೆ ಬಂದೂಕು ತಂದು ಠಾಣೆಗೆ ಒಪ್ಪಿಸಿ ಅಂತ ಫರ್ಮಾನು ಬರುತ್ತೆ. ಬಸ್ಸು ಹತ್ತಿ ಪೇಟೆಗೆ ಬರಬೇಕು, ರಸೀದಿ ಪಡೀಬೇಕು, ಫಲಿತಾಂಶ ಬಂದ ಮೇಲೆ ಮತ್ತೆ ಬಂದು ಬಿಡಿಸಿಕೊಂಡು ಹೋಗಬೇಕು. ಅಲ್ಲೀತನಕ ಹೊಲಕ್ಕೆ ಬರುವ ಹಂದಿಗೆ ನೀತಿ ಸಂಹಿತೆ ಗೊತ್ತಿರುತ್ತದೆಯೇ?

ಚುನಾವಣಾ ಆಯೋಗದ ಸೂಚನೆಯಾದರೂ ಎಲ್ಲರದೂ ಕಿತ್ತುಕೊಳ್ಳಿ ಅಂತ ಇಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಗಲಭೆಯಲ್ಲಿ ಹೆಸರು ಬಂದವರು, ಇಂಥವರ ಪರವಾನಗಿ ಪರಿಶೀಲಿಸಲು ಜಿಲ್ಲೆಗೊಂದು ಸಮಿತಿ ಇರಬೇಕು ಅಂತ ಇದೆ. ಒಬ್ಬೊಬ್ಬರನ್ನೂ ನೋಡಿ ತೀರ್ಮಾನಿಸುವುದು ಕಷ್ಟದ ಕೆಲಸ. ಎಲ್ಲರಿಗೂ ಒಂದೇ ಆದೇಶ ಹೊರಡಿಸೋದು ಸುಲಭದ ಕೆಲಸ. ಕಳ್ಳ ನಾಡಬಂದೂಕು ಇಟ್ಟುಕೊಂಡವನಂತೂ ಯಾವ ಠಾಣೆಗೂ ಬರೋದಿಲ್ಲ. ಬರೋದು ಕಾಯಿದೆಗೆ ತಲೆಬಾಗಿ, ಶುಲ್ಕ ಕಟ್ಟಿ, ಹೆಸರು ಬರೆಸಿದವನು ಮಾತ್ರ.

ಇವತ್ತು ಯಾರೂ ಕಾವಲಿನವರ ಮೇಲೆ ಕೈ ಮಾಡಬೇಕಿಲ್ಲ, ಖಜಾನೆ ಒಡೆಯಬೇಕಿಲ್ಲ. ಕೋರ್ಟಿದೆ, ಓಟಿದೆ, ಅರ್ಜಿ ಹಾಕಲು ಡಿ.ಸಿ. ಕಚೇರಿ ಇದೆ. ಭೀಮರಾಯನಿಗೆ ಇದ್ಯಾವುದೂ ಇರಲಿಲ್ಲ. ಕಚೇರಿಯಲ್ಲಿ ದುಡಿದವನಿಗೇ ಕಚೇರಿಯ ಬಾಗಿಲು ಮುಚ್ಚಿತ್ತು.

ದಾವಣಗೆರೆಯಿಂದ ಹರಪನಹಳ್ಳಿ, ಹಡಗಲಿ ಮೇಲೆ ಹೊಳೆ ದಾಟಿದರೆ ಮುಂಡರಗಿ. ಆ ದಾರಿಯ ಬಸ್ಸಿನಲ್ಲಿ ಅಡಕೆ ಚೀಲ, ಮಂಡಕ್ಕಿ ಮೂಟೆ ಹಾಕಿಕೊಂಡು ಓಡಾಡುವವರಿಗೆ ಭೀಮರಾಯನ ಹೆಸರು ಗೊತ್ತಿರಲಿ. ಪರವಾನಗಿ ಪುಸ್ತಕದ ನವೀಕರಣಕ್ಕೆ ಅಲೆಯುವ ರೈತ ಕೇಳುತ್ತಿರೋದು ದೊಡ್ಡದೇನಲ್ಲ. ತಪ್ಪು ಮಾಡಿದ್ದರೆ ಹೇಳಿ ಕಿತ್ತುಕೊಳ್ಳಿ, ಮಾಡಿಲ್ಲದಿದ್ದರೆ ಮನೆಯಲ್ಲೇ ಇರಲು ಬಿಡಿ ಅಂತ. ಮುಂದಿನ ಚುನಾವಣೆಯ ಆದೇಶಕ್ಕೆ ಸಹಿ ಹಾಕುವ ಮೊದಲು ಜಿಲ್ಲಾಡಳಿತ ಇಷ್ಟನ್ನಾದರೂ ಯೋಚಿಸಬೇಕು.