ನೆಗೆಟಿವ್‌ಗೆ ವರ್ಗಮೂಲ ಇಲ್ಲ ಅಂದ ಮಹಾವೀರಾಚಾರ್ಯರು

ರೇಂಜ್ ಕಂಡುಹಿಡಿಯೋ ಲೆಕ್ಕದಲ್ಲಿ ಡಿಸ್ಕ್ರಿಮಿನಂಟ್ ನೆಗೆಟಿವ್ ಆಗಬಾರದು ಅಂತ ನಾವೆಲ್ಲ ಯೋಚಿಸದೇ ಬರೀತೀವಿ. ಆ ಸಾಲಿನ ಹಿಂದಿರೋ ನಿಯಮವನ್ನು ಸುಮಾರು 850ರಲ್ಲೇ ಬರೆದಿಟ್ಟವರು ಮಹಾವೀರಾಚಾರ್ಯರು.

ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞರು. ಕವಿರಾಜಮಾರ್ಗ ಹುಟ್ಟಿದ್ದೂ ಅದೇ ದೊರೆಯ ಆಸ್ಥಾನದಲ್ಲಿ. ಅದರ ಹೆಸರು ನಮಗೆ ಸ್ಕೂಲಲ್ಲೇ ಗೊತ್ತಾಗಿತ್ತು, ಗಣಿತಸಾರಸಂಗ್ರಹದ ಹೆಸರು ಕೇಳಿದ್ದು ಮಾತ್ರ ಇಲ್ಲಿಗೆ ಬಂದ ಮೇಲೆ! ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳದ ಗ್ರಂಥಗಳೊಳಗೆ ಒಂದು ಭಾಗವಾಗಿ ಬರೆದರು. ಮಹಾವೀರರು ಸಂಸ್ಕೃತದಲ್ಲಿ ಇಡೀ ಪುಸ್ತಕವನ್ನೇ ಗಣಿತಕ್ಕೆ ಕೊಟ್ಟರು. ಸಂಗೀತಕ್ಕೆ, ವೈದ್ಯಕ್ಕೆ, ಕಟ್ಟಡಕ್ಕೆ, ಅಷ್ಟೇ ಯಾಕೆ ಅಡುಗೆಗೂ ಗಣಿತ ಬೇಕು ಅಂತ ಆರಂಭದಲ್ಲೇ ಪಟ್ಟಿ ಮಾಡಿದ್ದಾರೆ.

ಮೊದಲ ಅಧ್ಯಾಯದಲ್ಲೇ ಅವರು ಹೇಳೋದು ಇದು: ಪಾಸಿಟಿವ್ ಆಗಲಿ ನೆಗೆಟಿವ್ ಆಗಲಿ, ವರ್ಗ ಮಾಡಿದರೆ ಪಾಸಿಟಿವ್ವೇ ಬರುತ್ತೆ. ಹಾಗಾಗಿ ನೆಗೆಟಿವ್ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲ ಇಲ್ಲ. ಈಗ ನಮ್ಮ ಲೆಕ್ಕಕ್ಕೆ ಬರೋಣ. ವೈ = ಎಕ್ಸ್ / (ಎಕ್ಸ್² + 1). ಛೇದವನ್ನು ಆಚೆ ತಂದರೆ ವೈ·ಎಕ್ಸ್² − ಎಕ್ಸ್ + ವೈ = 0. ವೈ ಸೊನ್ನೆಯಾದರೆ ಎಕ್ಸ್ ಕೂಡ ಸೊನ್ನೆ, ಆ ಬೆಲೆ ಸಿಕ್ಕಿತು. ಇಲ್ಲದಿದ್ದರೆ ಇದು ಎಕ್ಸ್‌ನ ವರ್ಗಸಮೀಕರಣ, ಉತ್ತರ ಬೇಕಾದರೆ 1 − 4ವೈ² ನೆಗೆಟಿವ್ ಆಗಬಾರದು. ಅಂದರೆ ವೈ −1/2 ರಿಂದ 1/2 ರ ಒಳಗೇ ಇರಬೇಕು. ವೈ = 1 ಹಾಕಿ ನೋಡಿ: −3 ಬರುತ್ತೆ, ಅಲ್ಲಿ ಮಹಾವೀರರು ತಡೀತಾರೆ.

ತಮಾಷೆ ಏನಂದ್ರೆ ಅದೇ ಅಧ್ಯಾಯದಲ್ಲಿ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗಲ್ಲ ಅಂತಾನೂ ಬರೆದಿದ್ದಾರೆ. ಅದು ತಪ್ಪು. ನಾವು ಇಂಟರ್ನಲ್ಸ್‌ನಲ್ಲಿ ಹಾಗೆ ಬರೆದರೆ ಮಾರ್ಕ್ಸ್ ಹೋಗುತ್ತೆ. ಛೇದ ಸೊನ್ನೆ ಆಗೋ ಎಕ್ಸ್‌ಗಳನ್ನು ನಾವು ಡೊಮೇನ್‌ನಿಂದಲೇ ತೆಗೀತೀವಿ. ಅಂದರೆ ರೇಂಜಿನ ವಿಷಯದಲ್ಲಿ ಅವರನ್ನು ನಂಬಬಹುದು, ಡೊಮೇನ್ ವಿಷಯದಲ್ಲಿ ಬೇಡ.

ಇದರಿಂದ ಪುಸ್ತಕದ ಬೆಲೆಯೇನೂ ಕಮ್ಮಿಯಾಗಲಿಲ್ಲ. ಪಿಯುಸಿಯ ಎನ್‌ಸಿಆರ್ ಸೂತ್ರವೂ ಅದರಲ್ಲಿದೆ. 11ನೇ ಶತಮಾನದ ಹೊತ್ತಿಗೆ ಪಾವುಲೂರಿ ಮಲ್ಲನ ಅದನ್ನು ತೆಲುಗು ಪದ್ಯಕ್ಕೆ ತಂದರು. ಬಂಗಾರಪೇಟೆಯಿಂದ ಮಾರಿಕುಪ್ಪಂ ಟ್ರೈನ್ ಹತ್ತಿ ಬರೋ ನಮ್ಮಲ್ಲಿ ತೆಲುಗು ಮನೆಮಾತಿನವರು ಎಷ್ಟೋ ಜನ, ಅವರಿಗೆ ಇದನ್ನು ಹೇಳಲೇಬೇಕು. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದ ಜೊತೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಇಂಗ್ಲಿಷ್ ಮೀಡಿಯಂನ ನಾವು ಓದೋಕೆ ಶುರು ಮಾಡಿರೋದು ಅದನ್ನೇ.